ನಿಂತ ಹಡಗಿನ ಲೆಕ್ಕ

ಹಡಗೊಂದು ಧಕ್ಕೆಗೆ ಒರಗಿ, ಅದರ ಕೊನೆಯ ಹಗ್ಗ ದಡದ ಕಬ್ಬಿಣದ ಗೂಟಕ್ಕೆ ಬಿಗಿದ ಕ್ಷಣವನ್ನು ಬಂದರಿನವರು ‘ಆಲ್ ಫಾಸ್ಟ್’ ಎನ್ನುತ್ತಾರೆ. ಆ ಒಂದು ಕ್ಷಣ ಕನಿಷ್ಠ ನಾಲ್ಕು ಕಡೆ ದಾಖಲಾಗುತ್ತದೆ: ಹಡಗಿನ ಲಾಗ್‌ಬುಕ್ಕಿನಲ್ಲಿ, ಹಡಗನ್ನು ಒಳಗೆ ತಂದ ಪೈಲಟ್ ಸಹಿ ಹಾಕಿಸಿಕೊಳ್ಳುವ ಚೀಟಿಯಲ್ಲಿ, ಬಂದರಿನ ನಿಯಂತ್ರಣ ಕೊಠಡಿಯಲ್ಲಿ, ಹಡಗು ಕಂಪನಿಯ ಸ್ಥಳೀಯ ಏಜೆಂಟರ ಪುಸ್ತಕದಲ್ಲಿ. ನಾಲ್ಕು ಗಡಿಯಾರಗಳೂ ಒಂದೇ ನಿಮಿಷ ತೋರಿಸುತ್ತವೆ ಎನ್ನುವಂತಿಲ್ಲ. ವ್ಯತ್ಯಾಸ ಕಂಡರೆ ಕೂತು ಹೊಂದಿಸಲೇಬೇಕು. ಕಲ್ಲಿದ್ದಲು ತರುವ ದೊಡ್ಡ ಹಡಗಿನ ದಿನದ ಬಾಡಿಗೆ ಸಾವಿರಾರು ಡಾಲರ್. ಮಾರುಕಟ್ಟೆ ಬಿಸಿಯಾದಾಗ ಅದು ಹತ್ತಾರು ಸಾವಿರಕ್ಕೇರುತ್ತದೆ. ಹಡಗು ಓಡಿದರೂ ಬಾಡಿಗೆ, ನಿಂತರೂ ಬಾಡಿಗೆ.

ಬಂದರು ಎಂದರೆ ಕ್ರೇನು, ಲಾರಿ, ರಾಶಿ ಬಿದ್ದ ಸರಕು ಎಂದು ನಮಗೆ ಕಾಣುತ್ತದೆ. ಅಲ್ಲಿ ಕೆಲಸ ಮಾಡುವವರಿಗೆ ಅದು ಸಮಯವನ್ನು ಕತ್ತರಿಸಿ, ತುಂಡು ತುಂಡಾಗಿ ಅಳೆದು, ಪ್ರತಿ ತುಂಡನ್ನೂ ಯಾರದಾದರೊಂದು ಖಾತೆಗೆ ಹಾಕುವ ಜಾಗ. ಈ ಅಳೆಯುವ ಕಸುಬಿಗೆ ಹೊರಗೆ ಹೆಸರಿಲ್ಲ. ಒಳಗೆ ಇಡೀ ಆಡಳಿತ ನಿಂತಿರುವುದು ಅದರ ಮೇಲೆಯೇ. ಪಣಂಬೂರಿನ ನವಮಂಗಳೂರು ಬಂದರನ್ನೇ ಎದುರಿಗಿಟ್ಟುಕೊಂಡು ಅದನ್ನು ನೋಡಬಹುದು. ಅಲ್ಲಿಗೆ ಕಲ್ಲಿದ್ದಲು, ಅಡುಗೆ ಅನಿಲ, ಗೊಬ್ಬರ ತರುವ ಹಡಗುಗಳೂ ಬರುತ್ತವೆ, ಮಳೆಗಾಲ ಕಳೆದ ಮೇಲೆ ಸಾವಿರಾರು ಪ್ರವಾಸಿಗರನ್ನು ಹೊತ್ತ ಕ್ರೂಸ್ ಹಡಗುಗಳೂ ಬರುತ್ತವೆ. ಒಂದೇ ಧಕ್ಕೆಯಲ್ಲಿ ಎರಡು ಬಗೆಯ ಹಡಗು ನಿಂತಾಗ ಅಳತೆಗೋಲು ಹೇಗೆ ತಿರುಗಬೇಕಾಗುತ್ತದೆ ಎಂಬುದು ಈ ಕಸುಬಿನ ಸೂಕ್ಷ್ಮವಾದ ಭಾಗ.

ಮಂಗಳೂರಿನ ಹಳೆ ಬಂದರು ನೇತ್ರಾವತಿ–ಗುರುಪುರ ನದಿಗಳ ಅಳಿವೆಯಲ್ಲಿದೆ. ಅಲ್ಲಿ ಹೂಳು ಹೆಚ್ಚು, ಆಳ ಕಡಿಮೆ. ದೊಡ್ಡ ಹಡಗು ಬರಬೇಕಾದರೆ ಬೇರೆ ಜಾಗ ಬೇಕಿತ್ತು. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಒತ್ತಾಸೆಯಿಂದ ಪಣಂಬೂರಿನ ಸಪಾಟು ಕರಾವಳಿಯನ್ನೇ ಒಳಕ್ಕೆ ಅಗೆದು ಕೊಳದಂಥ ಬಂದರು ಮಾಡಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಣೆಯಾಯಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಸಮುದ್ರದಿಂದ ಈ ಕೊಳಕ್ಕೆ ಬರಲು ತಳ ಅಗೆದು ಮಾಡಿದ ಸುಮಾರು ಏಳೂವರೆ ಕಿಲೋಮೀಟರಿನ ಕಾಲುವೆ ಇದೆ. ಪ್ರತಿ ಮಳೆಗಾಲ ಅದರಲ್ಲಿ ಹೂಳು ತುಂಬುತ್ತದೆ, ಪ್ರತಿ ವರ್ಷ ಅಗೆಯಬೇಕು. ಅಗೆದ ಮೇಲೆ ದೋಣಿಯಿಂದ ಶಬ್ದದ ಅಲೆ ಬಿಟ್ಟು, ಅದು ತಳಕ್ಕೆ ಬಡಿದು ಮರಳುವ ಸಮಯದಿಂದ ಆಳ ಲೆಕ್ಕ ಹಾಕಿ ನಕ್ಷೆ ಬರೆಯುತ್ತಾರೆ. ಈ ಬಂದರಿನ ಮೊದಲ ಅಳತೆಯೇ ಹೀಗೆ ನೀರಿನಡಿಯಲ್ಲಿ ನಡೆಯುತ್ತದೆ. ಆ ನಕ್ಷೆ ತಪ್ಪಿದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ.

ಈಗ ಒಂದು ಕಲ್ಲಿದ್ದಲಿನ ಹಡಗು ಬಂತೆನ್ನಿ. ಅದು ಹೊರಸಮುದ್ರದಲ್ಲಿ ಲಂಗರು ಹಾಕಿದ ಹೊತ್ತನ್ನು ಬರೆದುಕೊಳ್ಳುತ್ತಾರೆ. ಹಡಗಿನ ಕಪ್ತಾನ ‘ನಾನು ಬಂದಿದ್ದೇನೆ, ಸರಕು ಇಳಿಸಲು ಎಲ್ಲ ರೀತಿಯಲ್ಲೂ ತಯಾರಾಗಿದ್ದೇನೆ’ ಎಂದು ಲಿಖಿತ ಸೂಚನೆ ಕೊಡುತ್ತಾನೆ. ಇದಕ್ಕೆ ನೋಟಿಸ್ ಆಫ್ ರೆಡಿನೆಸ್ ಎನ್ನುತ್ತಾರೆ. ಹಡಗನ್ನು ಬಾಡಿಗೆಗೆ ಪಡೆದವನಿಗೆ ಸರಕು ಇಳಿಸಲು ಒಪ್ಪಂದದಲ್ಲಿ ಇಷ್ಟು ಗಂಟೆ ಎಂದು ಕೊಟ್ಟಿರುತ್ತಾರೆ. ಆ ಅವಧಿಗೆ ಲೇಟೈಮ್ ಎಂದು ಹೆಸರು. ಅವಧಿ ಮೀರಿದರೆ ದಂಡ, ಅದು ಡೆಮರೇಜ್. ಬೇಗ ಮುಗಿಸಿದರೆ ಬಹುಮಾನವಾಗಿ ಒಂದಿಷ್ಟು ಹಣ ವಾಪಸ್, ಅದು ಡೆಸ್ಪಾಚ್. ಈ ಗಡಿಯಾರ ಓಡತೊಡಗುವುದು ಕಪ್ತಾನನ ಸೂಚನೆಯಿಂದ. ಒಪ್ಪಂದದಲ್ಲಿ ಬರೆದಷ್ಟು ಗಂಟೆ ಬಿಟ್ಟು.

ಬಳಿಕ ಪೈಲಟ್ ಪುಟ್ಟ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹಿಡಿದು ಹಡಗು ಏರುತ್ತಾನೆ. ಅದೂ ಒಂದು ಸಮಯ. ಕಾಲುವೆ ದಾಟಿ ಅಲೆತಡೆ ಗೋಡೆಗಳ ನಡುವೆ ಬಂದಾಗ ಟಗ್‌ಗಳು, ಅಂದರೆ ಹಡಗನ್ನು ತಳ್ಳಿ ಎಳೆಯುವ ಗಟ್ಟಿ ದೋಣಿಗಳು, ಹಗ್ಗ ಹಿಡಿಯುತ್ತವೆ. ಮೊದಲ ಹಗ್ಗ ದಡಕ್ಕೆ, ಕೊನೆಯ ಹಗ್ಗ ದಡಕ್ಕೆ, ಏಣಿ ಇಳಿದದ್ದು, ಆರೋಗ್ಯಾಧಿಕಾರಿಯ ಅನುಮತಿ, ಕಸ್ಟಮ್ಸ್, ಸರಕಿನ ಬಾಯಿಯ ಮುಚ್ಚಳ (ಹ್ಯಾಚ್) ತೆಗೆದದ್ದು, ಮೊದಲ ಬಕೆಟ್ ಕಲ್ಲಿದ್ದಲು ಎತ್ತಿದ್ದು. ಒಂದೊಂದಕ್ಕೂ ಗಂಟೆ, ನಿಮಿಷ.

ಇವೆಲ್ಲ ಸೇರುವ ಹಾಳೆಗೆ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ ಎಂದು ಹೆಸರು. ಘಟನಾವಳಿಯ ಹೇಳಿಕೆ. ಇದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಒಂದು ಮಾದರಿ ನೋಡಿ. ಗೊಬ್ಬರದ ಹಡಗು, ಜೂನ್ ತಿಂಗಳ ಮಧ್ಯಾಹ್ನ. ‘14.20: ಮಳೆ, ಎಲ್ಲ ಹ್ಯಾಚ್ ಮುಚ್ಚಲಾಯಿತು. 15.05: ಮಳೆ ನಿಂತಿತು. 15.30: ಕೆಲಸ ಮತ್ತೆ ಶುರು.’ ಗೊಬ್ಬರ ನೀರು ಹೀರಿದರೆ ಗಡ್ಡೆಕಟ್ಟುತ್ತದೆ, ಆದ್ದರಿಂದ ಮಳೆಯ 45 ನಿಮಿಷವನ್ನು ಯಾರೂ ಪ್ರಶ್ನಿಸುವುದಿಲ್ಲ. ಅದು ಆಕಾಶದ ಖಾತೆಗೆ. ಆದರೆ 15.05ರಿಂದ 15.30ರವರೆಗಿನ 25 ನಿಮಿಷ? ಮುಚ್ಚಳ ತೆಗೆಯಲು ಹಡಗಿನವರು ತಡಮಾಡಿದರೇ? ಮಳೆಗೆ ಮರೆ ಸೇರಿದ ಕೂಲಿ ತಂಡ ಬರುವುದು ತಡವಾಯಿತೇ? ಲಾರಿ ಇರಲಿಲ್ಲವೇ? ಈ 25 ನಿಮಿಷ ಹಡಗಿನ ಖಾತೆಗೋ, ಬಂದರಿನ ಖಾತೆಗೋ, ಸರಕಿನ ಯಜಮಾನನ ಖಾತೆಗೋ ಎಂಬುದು ಹಾಳೆಯನ್ನು ಬರೆಯುವವನ ಕೈಯಲ್ಲಿದೆ. ಅನುಭವಿ ಬರಹಗಾರ ‘15.05ರಿಂದ 15.15 ಹ್ಯಾಚ್ ತೆರೆದದ್ದು, 15.15ರಿಂದ 15.30 ಲಾರಿಗೆ ಕಾದದ್ದು’ ಎಂದು ಸೀಳಿ ಬರೆಯುತ್ತಾನೆ. ತಿಂಗಳುಗಳ ನಂತರ ಲಂಡನ್ನಿನಲ್ಲೋ ಸಿಂಗಪುರದಲ್ಲೋ ಕೂತ ಮಧ್ಯಸ್ಥಗಾರನೊಬ್ಬ ಹಣ ಯಾರು ಕೊಡಬೇಕೆಂದು ತೀರ್ಮಾನಿಸುವುದು ಆ ಸೀಳಿನ ಮೇಲೆ. ಕೊನೆಗೆ ಏಜೆಂಟ್, ಕಪ್ತಾನ, ಸರಕು ಪಡೆಯುವವರ ಪ್ರತಿನಿಧಿ ಮೂವರೂ ಸಹಿ ಹಾಕುತ್ತಾರೆ. ಒಪ್ಪದ ಕಪ್ತಾನ ಸಹಿಯ ಪಕ್ಕದಲ್ಲಿ ತನ್ನ ತಕರಾರನ್ನು ಒಂದು ಸಾಲಲ್ಲಿ ಬರೆದಿಡುತ್ತಾನೆ.

ಸಮಯದ ಜೊತೆಗೆ ತೂಕವೂ ಬೇಕು. ಎಪ್ಪತ್ತು ಸಾವಿರ ಟನ್ ಕಲ್ಲಿದ್ದಲನ್ನು ತೂಗುವ ತಕ್ಕಡಿ ಎಲ್ಲಿದೆ? ಇಲ್ಲಿ ಹಡಗೇ ತಕ್ಕಡಿ. ಇದಕ್ಕೆ ಡ್ರಾಫ್ಟ್ ಸರ್ವೆ ಎನ್ನುತ್ತಾರೆ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆಯೋ ಅಷ್ಟು ನೀರನ್ನು ಅದು ಸರಿಸಿದೆ, ಸರಿಸಿದ ನೀರಿನ ತೂಕವೇ ಹಡಗಿನ ತೂಕ. ಸರಕು ಇಳಿಸುವ ಮೊದಲೊಮ್ಮೆ, ಇಳಿಸಿದ ಮೇಲೊಮ್ಮೆ ಅಳೆದು ಕಳೆದರೆ ಇಳಿದ ಸರಕು ಸಿಗುತ್ತದೆ. ತತ್ವ ಆರ್ಕಿಮಿಡೀಸನದು, ಶಾಲೆಯಲ್ಲಿ ಓದಿದ್ದೇ. ಮಾಡುವಾಗ ಗೊತ್ತಾಗುತ್ತದೆ ಎಷ್ಟು ಕಷ್ಟವೆಂದು.

ಹಡಗಿನ ಮೂತಿ, ನಡು, ಹಿಂಭಾಗ ಈ ಮೂರು ಕಡೆ, ಎಡಕ್ಕೂ ಬಲಕ್ಕೂ, ಒಟ್ಟು ಆರು ಜಾಗದಲ್ಲಿ ಅಂಕಿಗಳನ್ನು ಬರೆದಿರುತ್ತಾರೆ. ಒಂದೊಂದು ಅಂಕಿ 10 ಸೆಂಟಿಮೀಟರ್ ಎತ್ತರ, ನಡುವಿನ ಖಾಲಿ ಜಾಗವೂ 10 ಸೆಂಟಿಮೀಟರ್. ಅಂಕಿಯ ಕೆಳ ಅಂಚಿಗೆ ನೀರು ತಾಗಿದರೆ ಅದೇ ಅಂಕಿಯ ಆಳ. ನೀರು ಸುಮ್ಮನೆ ನಿಲ್ಲುವುದಿಲ್ಲ. ಸರ್ವೇಯರ್ ಬಗ್ಗಿ, ಅಲೆ ಏರುವುದನ್ನೂ ಇಳಿಯುವುದನ್ನೂ ಹಲವು ಸಲ ನೋಡಿ, ನಡುವಿನ ಮಟ್ಟವನ್ನು ಕಣ್ಣಲ್ಲೇ ಹಿಡಿಯುತ್ತಾನೆ. ಸಮುದ್ರದ ಕಡೆಯ ಬದಿ ಓದಲು ದೋಣಿಯಲ್ಲಿ ಹೋಗಬೇಕು. ಈ ಗಾತ್ರದ ಹಡಗು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 67 ಟನ್ ಬೇಕು. ಕಣ್ಣು ಒಂದು ಸೆಂಟಿಮೀಟರ್ ತಪ್ಪಿದರೆ ಮೂರು ಲಾರಿ ಕಲ್ಲಿದ್ದಲು ಕಾಗದದ ಮೇಲೆ ಹುಟ್ಟುತ್ತದೆ, ಇಲ್ಲವೇ ಮಾಯವಾಗುತ್ತದೆ.

ಆರು ಅಂಕಿ ಸಿಕ್ಕ ಮಾತ್ರಕ್ಕೆ ಸರಾಸರಿ ಹಾಕುವಂತಿಲ್ಲ. ಇನ್ನೂರು ಮೀಟರಿಗೂ ಉದ್ದದ ಉಕ್ಕಿನ ಒಡಲು ಭಾರಕ್ಕೆ ಬಾಗುತ್ತದೆ. ನಡು ಉಬ್ಬಬಹುದು, ಜೋಲಬಹುದು. ಮೂತಿಯಲ್ಲಿ 12.10, ಹಿಂದೆ 12.50, ನಡುವೆ 12.26 ಮೀಟರ್ ಬಂತೆನ್ನಿ. ಮೂತಿ ಮತ್ತು ಹಿಂಭಾಗದ ಸರಾಸರಿ 12.30. ನಡು ಅದಕ್ಕಿಂತ 4 ಸೆಂಟಿಮೀಟರ್ ಮೇಲಿದೆ, ಅಂದರೆ ಹಡಗು ಬೆನ್ನುಬ್ಬಿಸಿದೆ. ಹಡಗಿನ ಹೊಟ್ಟೆ ನಡುವೆ ಅಗಲ, ತುದಿಗಳಲ್ಲಿ ಚೂಪು. ಆದ್ದರಿಂದ ನಡುವಿನ ಓದಿಗೆ ಆರು ಪಾಲು, ತುದಿಗಳಿಗೆ ಒಂದೊಂದು ಪಾಲು ಕೊಟ್ಟು ಎಂಟರಿಂದ ಭಾಗಿಸುತ್ತಾರೆ. ಉತ್ತರ 12.27. ಸುಲಭದ ಸರಾಸರಿಗೂ ಇದಕ್ಕೂ ಮೂರೇ ಸೆಂಟಿಮೀಟರ್ ಅಂತರ, ಸರಕಿನಲ್ಲಿ ಇನ್ನೂರು ಟನ್.

ಇನ್ನೂ ಮುಗಿಯಲಿಲ್ಲ. ಮುಳುಗಿದ ಆಳದಿಂದ ತೂಕ ತಿಳಿಸುವ ಹಡಗಿನ ಕೋಷ್ಟಕಗಳು ಉಪ್ಪು ನೀರಿನ ಸಾಂದ್ರತೆ 1.025 ಎಂದು ಹಿಡಿದು ಮಾಡಿದವು. ಮಳೆನೀರು ಬೆರೆತಾಗ ಕೊಳದ ನೀರು ಹಗುರಾಗುತ್ತದೆ. ಸರ್ವೇಯರ್ ಹಗ್ಗಕ್ಕೆ ಕಟ್ಟಿದ ಪಾತ್ರೆ ಇಳಿಬಿಟ್ಟು ಆಳದ ನೀರು ತೆಗೆದು, ಅದರಲ್ಲಿ ಗಾಜಿನ ಹೈಡ್ರೋಮೀಟರ್ ತೇಲಿಸಿ ಓದುತ್ತಾನೆ. 1.020 ಎಂದು ಬಂದರೆ, ಎಂಬತ್ತು ಸಾವಿರ ಟನ್ ತೂಗುವ ಹಡಗಿನ ಲೆಕ್ಕದಲ್ಲಿ ಸುಮಾರು 390 ಟನ್ ಕಳೆಯಬೇಕು. ಬಳಿಕ ಹಡಗಿನಲ್ಲಿರುವ ಎಣ್ಣೆ, ಕುಡಿಯುವ ನೀರು, ಸಮತೋಲಕ್ಕೆ ತುಂಬಿದ ಸಮುದ್ರದ ನೀರು, ಪ್ರತಿ ತೊಟ್ಟಿಗೂ ಅಳತೆಪಟ್ಟಿ ಇಳಿಸಿ ಕಳೆಯಬೇಕು. ಇದೆಲ್ಲ ಮಾಡಿದ ಮೇಲೂ ಶೇಕಡಾ ಅರ್ಧದಷ್ಟು ವ್ಯತ್ಯಾಸವನ್ನು ಎರಡೂ ಕಡೆಯವರು ಸಹಿಸಿಕೊಳ್ಳುವ ರೂಢಿ ಇದೆ. ಕಣ್ಣು, ಹಗ್ಗ, ಗಾಜಿನ ಕೊಳವೆ ಇಟ್ಟುಕೊಂಡು ಇಷ್ಟು ಹತ್ತಿರ ಬರುವುದೇ ದೊಡ್ಡ ಮಾತು.

ಹಡಗು ಹೊರಟ ಮೇಲೆ ಈ ಗಂಟೆ–ಟನ್ನುಗಳೆಲ್ಲ ಬಂದರಿನ ಟ್ರಾಫಿಕ್ ವಿಭಾಗಕ್ಕೆ ಬಂದು ಕೆಲವೇ ಸಂಖ್ಯೆಗಳಾಗಿ ಇಳಿಯುತ್ತವೆ. ಇವುಗಳಿಗೆ ಒಂದು ಸಮಾನ ಚೌಕಟ್ಟು ಕೊಟ್ಟದ್ದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಯಾದ ಅಂಕ್ಟಾಡ್. 1976ರಲ್ಲಿ ಅದು ಬಂದರುಗಳ ಸಾಧನೆಯ ಸೂಚಕಗಳ ಮೇಲೆ ವರದಿ ತಂದಿತು. ಹಡಗು ಬಂದು ಹೋಗುವವರೆಗಿನ ಒಟ್ಟು ಸಮಯ ಟರ್ನ್‌ಅರೌಂಡ್. ಧಕ್ಕೆಗೆ ಬರುವ ಮೊದಲು ಕಾದದ್ದು ಪ್ರೀ-ಬರ್ತಿಂಗ್ ಡಿಟೆನ್ಷನ್. ಧಕ್ಕೆಯಲ್ಲಿದ್ದೂ ಕೆಲಸ ನಡೆಯದ ಹೊತ್ತು ಐಡಲ್ ಟೈಮ್. ಒಂದು ದಿನ ಧಕ್ಕೆಯಲ್ಲಿ ನಿಂತ ಹಡಗಿನಿಂದ ಎಷ್ಟು ಟನ್ ಎಂಬುದು ಔಟ್‌ಪುಟ್. ವರ್ಷದ ಗಂಟೆಗಳಲ್ಲಿ ಧಕ್ಕೆ ಎಷ್ಟು ಹೊತ್ತು ತುಂಬಿತ್ತು ಎಂಬುದು ಆಕ್ಯುಪೆನ್ಸಿ. ದೇಶದ ಮಹಾಬಂದರುಗಳ ಸರಾಸರಿ ಟರ್ನ್‌ಅರೌಂಡ್ 2013–14ರಲ್ಲಿ ಸುಮಾರು 94 ಗಂಟೆ ಇದ್ದದ್ದು ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಕಂಟೇನರ್ ಹಡಗುಗಳದು ಬೇರೆಯೇ ವೇಗ. ವಿಶ್ವಬ್ಯಾಂಕಿನ 2023ರ ವರದಿಯಲ್ಲಿ ಭಾರತದ ಬಂದರುಗಳಲ್ಲಿ ಅವುಗಳ ಸರಾಸರಿ 0.9 ದಿನ.

ಇವುಗಳಲ್ಲಿ ಆಕ್ಯುಪೆನ್ಸಿಯ ಸಂಖ್ಯೆ ಹೊಸಬರನ್ನು ಮೋಸಗೊಳಿಸುತ್ತದೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಧಕ್ಕೆ ಖಾಲಿ ನಿಂತರೆ ನಷ್ಟವಲ್ಲವೇ, ನೂರಕ್ಕೆ ನೂರು ತುಂಬಿರಬೇಕಲ್ಲವೇ ಅನಿಸುತ್ತದೆ. ಒಬ್ಬನೇ ಕ್ಷೌರಿಕನಿರುವ ಅಂಗಡಿಯನ್ನು ನೆನೆಸಿಕೊಳ್ಳಿ. ಗಿರಾಕಿಗಳು ಹೇಳಿ ಬರುವುದಿಲ್ಲ, ಒಬ್ಬನದು ಹತ್ತು ನಿಮಿಷ, ಇನ್ನೊಬ್ಬನದು ನಲವತ್ತು. ಕ್ಷೌರಿಕನ ಕೈ ದಿನವಿಡೀ ಖಾಲಿಯಾಗದಿದ್ದರೆ ಬೆಂಚಿನ ಮೇಲೆ ಯಾವಾಗಲೂ ಜನ ಕಾದಿರುತ್ತಾರೆ. ಸರತಿಯ ಗಣಿತ ಇದನ್ನೇ ನಿಖರವಾಗಿ ಹೇಳುತ್ತದೆ. ಹಡಗುಗಳ ಬರವೂ ಕೆಲಸದ ಅವಧಿಯೂ ಪೂರ್ತಿ ಅನಿಶ್ಚಿತವಾದ ಒಂದೇ ಧಕ್ಕೆಯಲ್ಲಿ, ಅರ್ಧ ಹೊತ್ತು ತುಂಬಿದ್ದರೆ ಹಡಗು ಸರಾಸರಿ ಕಾಯುವುದು ಒಂದು ಹಡಗಿನ ಕೆಲಸದಷ್ಟು ಕಾಲ. ಶೇಕಡಾ 80 ತುಂಬಿದರೆ ನಾಲ್ಕು ಪಟ್ಟು. 90 ಆದರೆ ಒಂಬತ್ತು ಪಟ್ಟು. ಅಂಕ್ಟಾಡ್‌ನ ಬಂದರು ಕೈಪಿಡಿ ಸಾಮಾನ್ಯ ಸರಕಿನ ಬಂದರಿಗೆ, ಒಂದೇ ಧಕ್ಕೆ ಇದ್ದರೆ ಶೇಕಡಾ 40, ಆರರಿಂದ ಹತ್ತು ಇದ್ದರೆ ಶೇಕಡಾ 70ಕ್ಕಿಂತ ಹೆಚ್ಚು ತುಂಬಬೇಡಿ ಎನ್ನುತ್ತದೆ. ಖಾಲಿ ಧಕ್ಕೆಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳದಿರುವುದು ಬಂದರು ಆಡಳಿತದಲ್ಲಿ ಕಲಿಯಬೇಕಾದ ಸಂಯಮ. ಲೆಕ್ಕಪತ್ರ ವಿಭಾಗದಿಂದ ಬಂದವರಿಗೆ ಇದು ಬೇಗ ರುಚಿಸುವುದಿಲ್ಲ.

ಸಂಖ್ಯೆಗಳನ್ನು ಚಂದಗಾಣಿಸುವ ದಾರಿಗಳೂ ಇವೆ, ಅವನ್ನು ತಿಳಿದೇ ಅಳತೆಯವರು ಎಚ್ಚರದಿಂದಿರುತ್ತಾರೆ. ಟರ್ನ್‌ಅರೌಂಡ್ ಗಡಿಯಾರವನ್ನು ಲಂಗರು ಹಾಕಿದಾಗಿನಿಂದ ಓಡಿಸಬೇಕೋ, ಪೈಲಟ್ ಹತ್ತಿದಾಗಿನಿಂದಲೋ? ಎರಡನೆಯದನ್ನು ಹಿಡಿದರೆ ಹೊರಸಮುದ್ರದಲ್ಲಿ ಮೂರು ದಿನ ಕಾದದ್ದು ಲೆಕ್ಕದಿಂದಲೇ ಜಾರುತ್ತದೆ. ಅದಕ್ಕೇ ನಮ್ಮ ಬಂದರುಗಳಲ್ಲಿ ಕಾದ ಹೊತ್ತನ್ನು ಪ್ರತ್ಯೇಕ ಬರೆದು, ಅದನ್ನೂ ಬಂದರಿನ ಕಾರಣದ್ದು, ಬಂದರಿನದಲ್ಲದ್ದು ಎಂದು ಎರಡಾಗಿ ಒಡೆಯುತ್ತಾರೆ. ಧಕ್ಕೆ ಖಾಲಿಯಿಲ್ಲದ್ದು ಬಂದರಿನ ಕಾರಣ. ಸರಕಿನ ಕಾಗದಪತ್ರ ಬಾರದ್ದು ವ್ಯಾಪಾರಿಯ ಕಾರಣ. ಮಳೆಗಾಲದ ಭಾರೀ ಅಲೆಗಳಲ್ಲಿ ಪೈಲಟ್ ಏಣಿ ಹತ್ತಲಾಗದ್ದು ಯಾರ ಕಾರಣವೂ ಅಲ್ಲ.

ಇಷ್ಟೆಲ್ಲ ಅಳತೆ ಬಳಕೆಗೆ ಬರುವುದು ದಿನಾ ನಡೆಯುವ ಬರ್ತಿಂಗ್ ಸಭೆಯಲ್ಲಿ. ಟ್ರಾಫಿಕ್ ಅಧಿಕಾರಿಗಳು, ಹಡಗು ಓಡಾಟ ನೋಡಿಕೊಳ್ಳುವ ಮೆರೈನ್ ವಿಭಾಗದವರು, ಏಜೆಂಟರು, ಕೂಲಿ ತಂಡ ಒದಗಿಸುವ ಸ್ಟೀವಡೋರ್‌ಗಳು ಕೂತು ಇಂದು ಯಾವ ಹಡಗು ಯಾವ ಧಕ್ಕೆಗೆ ಎಂದು ನಿರ್ಧರಿಸುತ್ತಾರೆ. ಯಾವ ಹಡಗಿಗೆ ಎಷ್ಟು ಆಳ ಬೇಕು, ಭರತ ಎಷ್ಟು ಗಂಟೆಗೆ, ಎಷ್ಟು ಲಾರಿ, ಯಾರ ಡೆಮರೇಜ್ ಓಡುತ್ತಿದೆ ಎಂಬುದನ್ನೆಲ್ಲ ತೂಗಬೇಕು. ಪ್ರತಿಯೊಬ್ಬರಿಗೂ ತಮ್ಮ ಹಡಗೇ ಮೊದಲು. ಅಲ್ಲಿ ಗದ್ದಲವನ್ನು ಅಡಗಿಸುವುದು ನಿನ್ನೆಯ ಹಾಳೆ: ನಿಮ್ಮ ಹಡಗು ಪಾಳಿಗೆ ಇಷ್ಟು ಟನ್ ಇಳಿಸುತ್ತೇನೆಂದಿತ್ತು, ಇಳಿಸಿದ್ದು ಇಷ್ಟು.

ಆ ಸಭೆಗೆ ನವೆಂಬರಿನ ಹೊತ್ತಿಗೆ ಬೇರೆ ಜಾತಿಯ ಹಡಗಿನ ಹೆಸರು ಬರುತ್ತದೆ. ಕ್ರೂಸ್ ಹಡಗಿಗೆ ಸರತಿ ಇಲ್ಲ. ಅದು ಬರುವ ದಿನ, ಗಂಟೆ ತಿಂಗಳುಗಳ ಮೊದಲೇ ನಿಗದಿಯಾಗಿರುತ್ತದೆ, ಧಕ್ಕೆ ಕಾದಿರಬೇಕು. ಹಿಂದಿನ ದಿನ ಅಲ್ಲಿ ಸರಕಿನ ಹಡಗಿದ್ದರೆ ಅದನ್ನು ಹೊರಗೆ ಕಳಿಸಬೇಕಾಗಬಹುದು. ಧಕ್ಕೆ ಗುಡಿಸಿ, ತೊಳೆದು, ದೂಳು ಇರದಂತೆ ಮಾಡಬೇಕು. ಹೀಗೆ ಹೊರಗೆ ಹೋದ ಹಡಗಿನ ಗಂಟೆಗಳು ಯಾರ ಖಾತೆಗೆ? ಬಂದರಿನ ಖಾತೆಗೆ ಎನ್ನಬೇಕಾದ್ದು ನ್ಯಾಯ. ಕ್ರೂಸ್ ಹಡಗಿಗೆ ಕೊಟ್ಟ ಮರ್ಯಾದೆಯ ಬೆಲೆ ಕಲ್ಲಿದ್ದಲು ಹಡಗಿನ ಹಾಳೆಯಲ್ಲಿ ಹೀಗೆ ಕಾಣದಿದ್ದರೆ, ಪ್ರವಾಸೋದ್ಯಮದ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಶುಲ್ಕದ ಅಳತೆಯೂ ಬೇರೆ. ಇಲ್ಲಿ ಇಳಿಸುವ ಟನ್ ಇಲ್ಲ. ಕೇಂದ್ರ ನೌಕಾಯಾನ ಸಚಿವಾಲಯ 2020ರ ಆಗಸ್ಟಿನಲ್ಲಿ ಕ್ರೂಸ್ ಹಡಗುಗಳಿಗೆ ಸರಳ ದರ ತಂದಿತು. ಮೊದಲ 12 ಗಂಟೆಗೆ ಹಡಗಿನ ಜಿಆರ್‌ಟಿಗೆ 0.085 ಡಾಲರ್, ಜೊತೆಗೆ ಪ್ರಯಾಣಿಕರ ತಲೆಗೆ 5 ಡಾಲರ್. ಪೈಲಟ್, ಧಕ್ಕೆ ಬಾಡಿಗೆ ಎಲ್ಲ ಅದರೊಳಗೇ. ಜಿಆರ್‌ಟಿ ಎಂಬುದು ಹಡಗಿನ ಮುಚ್ಚಿದ ಜಾಗದ ಗಾತ್ರದಿಂದ ಬರುವ ಅಂಕಿ. ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ದರದಲ್ಲಿ, 90,000 ಜಿಆರ್‌ಟಿಯ ಹಡಗಿನಲ್ಲಿ 2,000 ಪ್ರಯಾಣಿಕರಿದ್ದರೆ ಮೊದಲ ಬಾಬ್ತು 7,650 ಡಾಲರ್, ಎರಡನೆಯದು 10,000. ಅಷ್ಟು ದೊಡ್ಡ ಹಡಗು ಧಕ್ಕೆಯ ಉದ್ದಕ್ಕೂ ಹಗಲೆಲ್ಲ ನಿಂತದ್ದಕ್ಕೆ ಬಂದರಿಗೆ ಸಿಕ್ಕಿದ್ದು ಇಷ್ಟೇ. ಉಳಿದ ಲಾಭ ಏನಿದ್ದರೂ ಗೇಟಿನ ಆಚೆ ಹುಟ್ಟಬೇಕು.

ಆದ್ದರಿಂದ ಗಡಿಯಾರ ಇಲ್ಲಿ ತಿರುಗಿ ಓಡುತ್ತದೆ. ಕಲ್ಲಿದ್ದಲಿನ ಹಡಗು ಧಕ್ಕೆಯಲ್ಲಿ ಕಳೆದ ಗಂಟೆ ಖರ್ಚು. ಕ್ರೂಸ್ ಪ್ರಯಾಣಿಕ ಊರಲ್ಲಿ ಕಳೆದ ಗಂಟೆಯೇ ಸರಕು. ಬೆಳಗ್ಗೆ 7ಕ್ಕೆ ಕಟ್ಟಿದ ಹಡಗು ಸಂಜೆ 5ಕ್ಕೆ ಬಿಡುತ್ತದೆನ್ನಿ. ಬಿಡುವುದಕ್ಕೆ ಅರ್ಧ ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ಆ ಒಂಬತ್ತೂವರೆ ಗಂಟೆಯಲ್ಲಿ ಪ್ರಯಾಣಿಕನ ಕೈಗೆ ಎಷ್ಟು ಸಿಕ್ಕಿತು ಎಂಬುದೇ ಅಳತೆ. ಹಗ್ಗ ಬಿಗಿದ ಹೊತ್ತು, ಏಣಿ ಇಳಿದ ಹೊತ್ತು, ಮೊದಲ ಪ್ರಯಾಣಿಕ ಕಾಲಿಟ್ಟ ಹೊತ್ತು, ಮೊದಲ ಬಸ್ಸು ಗೇಟು ದಾಟಿದ ಹೊತ್ತು, ಕೊನೆಯ ಬಸ್ಸು ದಾಟಿದ ಹೊತ್ತು: ಈ ಅಂತರಗಳನ್ನು ಕಿರಿದುಗೊಳಿಸುವುದೇ ಕೆಲಸ.

ಏಣಿಯ ಮಾತನ್ನೇ ತೆಗೆದುಕೊಳ್ಳಿ. ಮಂಗಳೂರಿನಲ್ಲಿ ಭರತ–ಇಳಿತದ ನಡುವೆ ನೀರಿನ ಮಟ್ಟ ದೊಡ್ಡ ದಿನಗಳಲ್ಲಿ ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ. ಹಡಗಿನ ಬಾಗಿಲೂ ಅದರ ಜೊತೆ ಏರಿಳಿಯುತ್ತದೆ. ಬೆಳಗ್ಗೆ ಸಮತಟ್ಟಾಗಿದ್ದ ಏಣಿ ಮಧ್ಯಾಹ್ನಕ್ಕೆ ಗಾಲಿಕುರ್ಚಿಯವರು ಇಳಿಯಲಾಗದಷ್ಟು ಕಡಿದಾಗಬಹುದು. ಕ್ರೂಸ್ ಪ್ರಯಾಣಿಕರಲ್ಲಿ ವಯಸ್ಸಾದವರೇ ಹೆಚ್ಚು. ಹಾಗಾಗಿ ಯಾವ ಅಂತಸ್ತಿನ ಬಾಗಿಲು ತೆರೆಯಬೇಕು, ಎಷ್ಟು ಗಂಟೆಗೆ ಏಣಿಯನ್ನು ಸರಿಸಿ ಕೂಡಿಸಬೇಕು ಎಂಬುದನ್ನು ಭರತದ ಪಟ್ಟಿ ನೋಡಿ ಹಿಂದಿನ ದಿನವೇ ಗೊತ್ತುಮಾಡುತ್ತಾರೆ.

ವಲಸೆ ತಪಾಸಣೆಯ ಗಣಿತ ಇನ್ನೂ ಕಠಿಣ. ಎಂಟು ಕೌಂಟರ್, ಒಬ್ಬರಿಗೆ ಒಂದೂವರೆ ನಿಮಿಷ ಎಂದು ಹಿಡಿದರೆ ಗಂಟೆಗೆ 320 ಜನ. ಎರಡು ಸಾವಿರ ಜನರಿಗೆ ಆರು ಗಂಟೆಗೂ ಮೀರುತ್ತದೆ. ಅಷ್ಟರಲ್ಲಿ ಹಗಲಿನ ಬಹುಪಾಲು ಕಳೆದಿರುತ್ತದೆ. ಹೀಗಾಗಿ ಕೆಲಸದ ಬಹುಪಾಲು ಹಡಗು ತಾಗುವ ಮೊದಲೇ ಆಗಬೇಕು. ಪ್ರಯಾಣಿಕರ ಪಟ್ಟಿ ಮುಂಚೆ ಬರುತ್ತದೆ, ಅದನ್ನು ತಾಳೆ ನೋಡಿ ತಕರಾರಿನ ಹೆಸರುಗಳನ್ನು ಬೇರೆ ಮಾಡಿರುತ್ತಾರೆ, ಉಳಿದವರಿಗೆ ದಡಕ್ಕಿಳಿಯುವ ಚೀಟಿ. ಇ-ವೀಸಾ ಇದ್ದವರು ಇಳಿಯಬಹುದಾದ ದೇಶದ ಬಂದರುಗಳಲ್ಲಿ ಮಂಗಳೂರೂ ಒಂದು. ಬಸ್ಸಿನದೂ ಇದೇ ಕಥೆ. ಸಾವಿರ ಜನ ಪ್ರವಾಸಕ್ಕೆ ಹೊರಟರೆ, ಬಸ್ಸಿಗೆ 40ರಂತೆ 25 ಬಸ್ಸು. ಒಂದು ತುಂಬಲು 10 ನಿಮಿಷ. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಕೊನೆಯ ಬಸ್ಸು ಹೊರಡಲು ನಾಲ್ಕು ಗಂಟೆ ದಾಟುತ್ತದೆ. ಮೂರು ಸಾಲು ಮಾಡಿದರೆ ಒಂದೂವರೆ ಗಂಟೆ. ಧಕ್ಕೆಯ ಮೇಲೆ ಚೆಂಡೆ ಬಾರಿಸುತ್ತ, ಯಕ್ಷಗಾನದ ವೇಷಗಳು ಸ್ವಾಗತಿಸುತ್ತಿರುವಾಗ, ಅದರ ಹಿಂದೆ ಯಾರೋ ಸುಣ್ಣದ ಪುಡಿಯಲ್ಲಿ ಬಸ್ಸುಗಳ ಸಾಲು ಗೆರೆ ಎಳೆದಿರುತ್ತಾರೆ. ಆ ದಿನದ ಗೆಲುವು ಹೆಚ್ಚಾಗಿ ಆ ಗೆರೆಯದು.

ಬಸ್ಸುಗಳು ಹೋಗುವುದು ಸಂತ ಅಲೋಶಿಯಸ್ ಚಾಪೆಲ್ಲಿನ ಕಲಾವಿದ ಮೊಸ್ಕೇನಿಯ ಚಿತ್ರಗಳಿಗೆ, ಕದ್ರಿ, ಕುದ್ರೋಳಿ ದೇವಸ್ಥಾನಗಳಿಗೆ, ಗೇರುಬೀಜ ಕಾರ್ಖಾನೆಗೆ, ದೂರದವು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಿಗೆ. ದೂರದ ದಾರಿಗೆ ಹೋದ ಬಸ್ಸಿನಲ್ಲಿ ಪ್ರಯಾಣಿಕನ ಅರ್ಧ ಹೊತ್ತು ಕಿಟಕಿಯ ಪಕ್ಕ ಕಳೆಯುತ್ತದೆ. ಅದನ್ನು ಊರಿನ ಗಂಟೆ ಎನ್ನಬೇಕೋ ರಸ್ತೆಯ ಗಂಟೆ ಎನ್ನಬೇಕೋ? ಅಳೆಯುವವರು ಬೇರೆ ಬೇರೆ ಬರೆದರೆ ಮಾತ್ರ ರಸ್ತೆಯ ದೋಷ ಬಂದರಿನ ತಲೆಗೆ ಬರುವುದಿಲ್ಲ. ಇಳಿದವರೆಷ್ಟು, ಹಡಗಲ್ಲೇ ಉಳಿದವರೆಷ್ಟು ಎಂಬುದೂ ಬೇಕು. ಎರಡು ಸಾವಿರ ಜನ ಬಂದರು ಎಂದು ಪತ್ರಿಕೆಯಲ್ಲಿ ಬರುವ ಸಂಖ್ಯೆ ಹಡಗಿನ ಪಟ್ಟಿಯದು, ದಡಕ್ಕಿಳಿದವರದಲ್ಲ. ಇನ್ನೊಂದು ಗುಂಪು ಲೆಕ್ಕದಿಂದ ಸದಾ ತಪ್ಪಿಸಿಕೊಳ್ಳುತ್ತದೆ. ಹಡಗಿನ ಸಿಬ್ಬಂದಿ. ಬಿಡುವು ಸಿಕ್ಕ ಎರಡು ಗಂಟೆಯಲ್ಲಿ ಅವರು ಆಟೋ ಹಿಡಿದು ಪೇಟೆಗೆ ಹೋಗಿ ಸೋಪು, ತಿಂಡಿ, ಔಷಧಿ ಕೊಳ್ಳುತ್ತಾರೆ, ಊಟ ಮಾಡುತ್ತಾರೆ. ಮೊದಲೇ ಹಣ ಕಟ್ಟಿದ ಬಸ್ಸಿನಲ್ಲಿ ಕೂತ ಪ್ರವಾಸಿಗಿಂತ ಆಟೋ ಚಾಲಕರಿಗೆ ಇವರೇ ವಾಸಿ.

ಪ್ರಯಾಣಿಕರ ಸಂಖ್ಯೆ ಏರುತ್ತಲೇ ಇರಬೇಕೆಂಬುದನ್ನೂ ಎಲ್ಲರೂ ಒಪ್ಪುವುದಿಲ್ಲ. ವೆನಿಸ್‌ನ ಜ್ಯುಡೆಕಾ ಕಾಲುವೆಯಲ್ಲಿ 25,000 ಟನ್ನೇಜಿಗಿಂತ ದೊಡ್ಡ ಹಡಗುಗಳನ್ನು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ತಡೆಯಿತು. ಅಲಾಸ್ಕಾದ ಜ್ಯೂನೋ ಊರು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಅಳೆಯುವುದು ಊರು ಎಷ್ಟು ಜನರನ್ನು ತಾಳಬಲ್ಲದು ಎಂಬುದನ್ನು. ನಮ್ಮ ಕರಾವಳಿ ಇನ್ನೂ ಆ ಹಂತದ ಹತ್ತಿರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಕ್ರೂಸ್ ಭಾರತ್ ಮಿಷನ್ ಐದು ವರ್ಷದಲ್ಲಿ ಕ್ರೂಸ್ ಪ್ರಯಾಣಿಕರನ್ನು ಇಮ್ಮಡಿ ಮಾಡುವ ಗುರಿ ಇಟ್ಟಿದೆ.

ತಿಂಗಳ ಕೊನೆಗೆ ಟ್ರಾಫಿಕ್ ವಿಭಾಗದ ಹಾಳೆಯಲ್ಲಿ ಕ್ರೂಸ್ ಹಡಗಿನ ಸಾಲು ವಿಚಿತ್ರವಾಗಿ ಕಾಣುತ್ತದೆ. ಧಕ್ಕೆಯಲ್ಲಿ ನಿಂತದ್ದು ಹತ್ತು ಗಂಟೆ, ಸರಕು ಸೊನ್ನೆ ಟನ್. ಅದನ್ನು ಉಳಿದವುಗಳ ಜೊತೆ ಕೂಡಿಸಿದರೆ ದಿನಕ್ಕಿಷ್ಟು ಟನ್ ಎಂಬ ಸರಾಸರಿ ಕುಸಿಯುತ್ತದೆ, ಟರ್ನ್‌ಅರೌಂಡ್ ಸರಾಸರಿ ಮಾತ್ರ ಚೆನ್ನಾಗಿ ಕಾಣುತ್ತದೆ. ಎರಡೂ ಸುಳ್ಳು. ಆದ್ದರಿಂದ ಅದಕ್ಕೆ ಬೇರೆ ಪಟ್ಟಿ ಬೇಕು. ಆ ಪಟ್ಟಿಯಲ್ಲಿ ಬರೆದದ್ದು ಸರಿಯೇ ಎಂದು ತಿಳಿಯಲು ತುಂಬ ದಿನ ಕಾಯಬೇಕಾಗುತ್ತದೆ. ಕಲ್ಲಿದ್ದಲಿನ ಕಂಪನಿ ತಡವಾದ ದಿನವೇ ಫೋನ್ ಮಾಡಿ ಕೂಗಾಡುತ್ತದೆ. ಕ್ರೂಸ್ ಕಂಪನಿ ಏನೂ ಹೇಳುವುದಿಲ್ಲ. ಇಳಿದು ಹತ್ತಿದ ಪ್ರಯಾಣಿಕರಿಂದ ಹಡಗಿನಲ್ಲೇ ಅಂಕ ಹಾಕಿಸಿಕೊಂಡು ಹೋಗುತ್ತದೆ. ಕ್ರೂಸ್ ಕಂಪನಿಗಳು ಪ್ರಯಾಣದ ದಾರಿ ಗೊತ್ತುಮಾಡಿ ಟಿಕೆಟ್ ಮಾರಲು ತೊಡಗುವುದು ಹೆಚ್ಚುಕಡಿಮೆ ಎರಡು ವರ್ಷ ಮೊದಲು. ಈ ನವೆಂಬರಿನಲ್ಲಿ ಬಸ್ಸು ತಡವಾದದ್ದಕ್ಕೆ ಉತ್ತರ ಇನ್ನೆರಡು ವರ್ಷದ ನಂತರದ ಪಟ್ಟಿಯಲ್ಲಿ ಸಿಗುತ್ತದೆ. ಗೋವಾ ಇರುತ್ತದೆ, ಕೊಚ್ಚಿ ಇರುತ್ತದೆ, ನಡುವಿನ ದಿನದ ಎದುರು ಮಂಗಳೂರು ಎಂದಿರುತ್ತದೆ, ಇಲ್ಲವೇ ‘ಸಮುದ್ರದಲ್ಲಿ’ ಎಂದಿರುತ್ತದೆ.